ಮೊಸುಕೆಯನ್ನು ಮಾತ್ರ ಮುಟ್ಟಬೇಡಿ

ಐವತ್ತೆರಡು ಜನರನ್ನು ಮುಗಿಸಿದ ಮನುಷ್ಯನಿಗೆ ಬೆಳಗಿನ ತಿಂಡಿ ಯಾರು ಕೊಡುತ್ತಾರೆ? ನಮ್ಮ ಮನೆಯಲ್ಲಂತೂ ಯಾರೂ ಕೊಡುವುದಿಲ್ಲ. ಆ ಮಂಗಳವಾರ ನನ್ನ ಪಾಲಿಗೆ ಬಂದದ್ದು ಹಿಂದಿನ ದಿನದ ತಣ್ಣನೆಯ ಅನ್ನ, ಒಂದೇ ಒಂದು ಉಪ್ಪಿನಕಾಯಿ ಮತ್ತು ನನ್ನ ಹೆಂಡತಿ ಚಿಗುಸಾಳ ಬೆನ್ನು.

ನಾನು ಸುನಾಗಾ, ಸಿನಿಮಾಕ್ಕೆ ಬರೆಯುವವನು. ಓದುವ ಚಿತ್ರಕಥೆಯನ್ನು ನೋಡುವ ಚಿತ್ರಕಥೆಯಾಗಿ ಮಾಡುವುದು ನನ್ನ ಉದ್ಯೋಗ. (ಚಿತ್ರಹಿಂಸೆ ಉಚಿತ.) ಈ ಸಲ ನನ್ನ ತಲೆಗೆ ಕಟ್ಟಿದ್ದು 'ಹಬೆಯ ಬೀದಿ' ಎಂಬ ಮಾಂಗಾ ಚಿತ್ರಕಥೆ. ನಲವತ್ತಮೂರು ಸಂಪುಟ ಆಗಿದೆ, ಇನ್ನೂ ತಿಂಗಳು ತಿಂಗಳು ಪತ್ರಿಕೆಯಲ್ಲಿ ಬರುತ್ತಲೇ ಇದೆ. ಬೀದಿಯ ಕೊನೆಯಲ್ಲಿ ಒಂದು ಸಾರ್ವಜನಿಕ ಸ್ನಾನದ ಮನೆ, ಅದನ್ನು ನಡೆಸುವ ಸವಾ ಎಂಬ ಹುಡುಗಿ, ಅವಳ ಸುತ್ತ ಅರವತ್ತು ಮಂದಿ, ಅವಳೂ ಸೇರಿ ಅರವತ್ತೊಂದು. ನಮ್ಮ ನಿರ್ಮಾಪಕ ಅಕುತ್ಸು ಒಂದೇ ಮಾತಿನಲ್ಲಿ ಹೇಳಿದ್ದ: "ಎರಡು ಗಂಟೆ ಹತ್ತು ನಿಮಿಷ, ಒಂಬತ್ತು ಪಾತ್ರ. ಉಳಿದವರನ್ನ ಹಬೆ ಮಾಡಿಬಿಡಿ ಸಾರ್."

ನನ್ನ ಹಿಂದಿನ ಚಿತ್ರ ಒಂದೇ ವಾರದಲ್ಲಿ ಥಿಯೇಟರಿನಿಂದ ಎದ್ದುಹೋಗಿತ್ತು. ಇದೂ ಹೋದರೆ ನಾನೇ ಹಬೆಯಾಗುತ್ತಿದ್ದೆ. ಹಾಗಾಗಿ ತಲೆಯಾಡಿಸಿ, ಉಳಿಯುವ ಒಂಬತ್ತು ಹೆಸರುಗಳ ಪಟ್ಟಿ ಬರೆದೆ. ಬರೆದದ್ದು ತಪ್ಪಲ್ಲ. ಅದನ್ನು ಊಟದ ಮೇಜಿನ ಮೇಲೆ ಬಿಟ್ಟು ಮುಖ ತೊಳೆಯಲು ಹೋದದ್ದು ತಪ್ಪು.

"ರೀ, ಒಟಾಕಿ ಎಲ್ಲಿ?"

"ಯಾವ ಒಟಾಕಿ?"

"ಯಾವ ಒಟಾಕಿ ಅಂತೆ! ತೋಫು ಮಾರೋ ಒಟಾಕಿ ರೀ! ಹೈಸ್ಕೂಲಿಂದ ಅವಳ ಜೊತೆ ಬೆಳೆದಿದ್ದೀನಿ. ನಿಮಗಿಂತ ಮುಂಚೆ ನನಗೆ ಅವಳು ಗೊತ್ತು. ಟಿಕೆಟ್ಟು, ಸೋಪು ಕೊಡೋ ಕಿಯೊನೂ ಇಲ್ಲ! ಅವರಿಬ್ಬರ ಜಗಳ ಇಲ್ಲದಿದ್ರೆ ಆ ಸ್ನಾನದ ಮನೇಲಿ ನೀರು ಬಿಟ್ಟು ಇನ್ನೇನಿದೆ?"

ಅಷ್ಟರಲ್ಲಿ ಅತ್ತೆ ಬಂದರು. ಮಾವ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ಭೂತಕನ್ನಡಿ ಹಿಡಿದು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರು, ಕೆಳಗಿಂದ ಮೇಲಕ್ಕೆ ಓದಿದರು, ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಅಳಿಯಂದ್ರೇ, ಮೊಸುಕೆ ಹಿಂದುಗಡೆನೂ ಇಲ್ವಲ್ಲ."

ಮೊಸುಕೆ ಎಂದರೆ ಸ್ನಾನದ ಮನೆಯ ಹಿಂದೆ ಕೂತು ಒಲೆಗೆ ಕಟ್ಟಿಗೆ ಹಾಕುವ ಮುದುಕ. ಮೂವತ್ತು ಸಂಪುಟಗಳಿಂದ ಒಟಾಕಿಯನ್ನು ಮನಸ್ಸಿನಲ್ಲೇ ಪ್ರೀತಿಸುತ್ತಾನೆ, ಬಾಯಿ ಬಿಡುವುದಿಲ್ಲ. ಬಾಯಿ ಬಿಡದವನಿಗೆ ಸಿನಿಮಾದಲ್ಲಿ ಏನು ಕೆಲಸ ಎಂದು ನಾನು ತೆಗೆದುಹಾಕಿದ್ದೆ.

"ನಿಮ್ಮಪ್ಪ ಹೋದ್ಮೇಲೆ ತಿಂಗಳು ತಿಂಗಳು ತಪ್ಪದೆ ನನ್ನ ಹತ್ರ ಬಂದವನು ಅವನೊಬ್ಬನೇ ಕಣೇ ಚಿಗುಸಾ. ನಿನ್ನ ಅಣ್ಣ ಕೂಡ ಬರಲಿಲ್ಲ," ಎಂದು ಅತ್ತೆ ಅತ್ತರು. ಅತ್ತೆ ಅಳುವಾಗ ಶಬ್ದ ಬರುವುದಿಲ್ಲ. ಅದೇ ಕಷ್ಟ. ಶಬ್ದ ಬಂದಿದ್ದರೆ ನಾನು ಕೇಳಿಸದವನಂತೆ ಇರುತ್ತಿದ್ದೆ.

"ಪಾತ್ರ ತೆಗೆದವರೇ ಇನ್ಮೇಲೆ ಪಾತ್ರೆನೂ ತೊಳೀರಿ," ಎಂದು ಚಿಗುಸಾ ತೀರ್ಪು ಕೊಟ್ಟಳು.

ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ತೊಳೆಯುವಾಗಲೇ ನನಗೆ ದಿವ್ಯಜ್ಞಾನವಾಯಿತು. ಯಾರನ್ನೂ ಕೊಲ್ಲುವುದೇ ಬೇಡ, ಇಬ್ಬಿಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿಬಿಡೋಣ! ಒಟಾಕಿಯನ್ನೂ ಕಿಯೊವನ್ನೂ ಬೆರೆಸಿ 'ಒಟಾಕಿಯೊ' ಮಾಡಿದೆ. ಒಟಾಕಿಯ ಗಂಡ ಯಾಸುಜಿ ಎಂಬವನು ಹಡಗು ಹತ್ತಿ ಹೋಗಿ ಕಾಣೆಯಾಗಿದ್ದ. ಅವನನ್ನು ತಂದು ಮೊಸುಕೆಯೊಳಗೆ ಹಾಕಿದೆ. ಮೂರು ದಿನ ಕೂತು ಹೊಸ ಪ್ರತಿ ಬರೆದು, ಇಬ್ಬರ ಮುಂದೆ ಹೆಮ್ಮೆಯಿಂದ ಇಟ್ಟೆ.

ಚಿಗುಸಾ ಗಟ್ಟಿಯಾಗಿ ಓದಿದಳು. "'ನಿನ್ನ ತೋಫುಗಿಂತ ನನ್ನ ಸೋಪು ಮೆತ್ತಗಿದೆ' ಅಂತ ಇವಳೇ ಹೇಳ್ತಾಳೆ. 'ನಿನ್ನ ಸೋಪಿಗಿಂತ ನಿನ್ನ ಬುದ್ಧಿ ಮೆತ್ತಗಿದೆ' ಅಂತ ಇವಳೇ ಬೈತಾಳೆ. ಆಮೇಲೆ ಚೊಂಬು ತಗೊಂಡು ತನ್ನ ತಲೆಗೆ ತಾನೇ ಹೊಡ್ಕೋತಾಳೆ. ಏನ್ರೀ ಇದು, ಇವಳಿಗೆ ಜ್ವರವಾ?"

"ಅದು ಅಂತರಂಗದ ಸಂಘರ್ಷ," ಎಂದೆ.

ಅತ್ತೆ ತಮ್ಮ ಪುಟದಿಂದ ನಿಧಾನವಾಗಿ ತಲೆ ಎತ್ತಿದರು. "ಮೊಸುಕೆ ಈಗ ಒಟಾಕಿ ಗಂಡನಾ?"

"ಹೌದು ಅತ್ತೆ. ನಿಮ್ಮ ಮೊಸುಕೆಗೆ ಮದುವೆ ಮಾಡಿಸಿದ್ದೀನಿ!"

"ಅಂದ್ರೆ ಇಷ್ಟು ವರ್ಷ ಅವನು ಬಾಯಿ ಬಿಡದೆ ಪ್ರೀತಿಸಿದ್ದು ಸ್ವಂತ ಹೆಂಡತೀನಾ? ಅದನ್ನ ಯಾರಾದ್ರೂ ದುಡ್ಡು ಕೊಟ್ಟು ನೋಡ್ತಾರಾ?"

(ಸ್ವಂತ ಹೆಂಡತಿಯ ಮುಂದೆ ಬಾಯಿ ಬಿಡದೆ ಬದುಕುವವರು ಲೋಕದಲ್ಲಿ ಇದ್ದಾರೆ. ಹೆಸರು ಬೇಡ.)

ಅಲ್ಲಿಂದಾಚೆ ನನ್ನ ತಲೆ ಕಲಸುಮೇಲೋಗರವಾಯಿತು. ಯಾರು ಯಾರೊಳಗೆ ಇದ್ದಾರೆ, ಯಾರು ಸತ್ತಿದ್ದಾರೆ, ಸತ್ತವರಲ್ಲಿ ಯಾರು ಇನ್ನೂ ಸ್ನಾನ ಮಾಡುತ್ತಿದ್ದಾರೆ, ಒಂದೂ ತಿಳಿಯದಾಯಿತು. ಫೋನ್ ಮಾಡಿದ ಅಕುತ್ಸುವನ್ನು ಎರಡು ಸಲ ಯಾಸುಜಿ ಎಂದು ಕರೆದೆ. ಅತ್ತ ಅತ್ತೆ, ಇತ್ತ ಅಕುತ್ಸು. ಕೊನೆಗೆ ಅಕುತ್ಸುವೇ, "ಮಾಂಗಾ ಬರೆದ ಮಿಕುರಿಯಾ ಅಮ್ಮನವರನ್ನೇ ಹೋಗಿ ಕೇಳಿ ಸಾರ್. ಹೇಗಿದ್ದರೂ ಅವರ ಒಪ್ಪಿಗೆ ಇಲ್ಲದೆ ಚಿತ್ರ ಶುರುವಾಗಲ್ಲ," ಎಂದ.

ಹೊರಟವನು ನಾನೊಬ್ಬನೇ. ಅಮ್ಮನವರ ಊರು ಕವಾಗೊಯೆಯಲ್ಲಿ ರೈಲು ಇಳಿದವರು ಮೂರು ಜನ. ಅತ್ತೆ ಹಬ್ಬದ ಕಿಮೊನೊ ಉಟ್ಟು, ಕೈಯಲ್ಲಿ ಸಿಹಿಗೆಣಸಿನ ಮಿಠಾಯಿಯ ಪೊಟ್ಟಣ ಹಿಡಿದಿದ್ದರು.

ಮಿಕುರಿಯಾ ಅಮ್ಮನವರಿಗೆ ಎಪ್ಪತ್ತೆಂಟು. ಬೆರಳ ತುಂಬ ಶಾಯಿ. ಚಾಪೆ ಹಾಸಿದ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ನನಗೆ ಗಾಬರಿಯಾದಾಗ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಹೋಗಿ ಬಂದು ಕೋಣೆಯ ನಡುವೆ ನಿಂತು, ವಿನಯದಿಂದ ಬಗ್ಗಿ, "ಮೊಸುಕೆಯ ವಿಚಾರದಲ್ಲಿ ತಮ್ಮ ಅಪ್ಪಣೆ…" ಎಂದೆ.

"ಮೊಸುಕೆನಾ? ತೆಗೆದುಹಾಕಿ!" ಅಮ್ಮನವರು ಕೈ ಝಾಡಿಸಿದರು. "ಅವನ ಕಟ್ಟಿಗೆ ಬರೆದೂ ಬರೆದೂ ನನ್ನ ಹೆಬ್ಬೆರಳು ಸವೆದುಹೋಯ್ತು. ಇಪ್ಪತ್ತು ವರ್ಷದಿಂದ ಅವನನ್ನ ಸಾಯಿಸೋಣ ಅಂತಿದ್ದೀನಿ."

ನಾನು ಇನ್ನೂ ಧನ್ಯವಾದ ಹೇಳಿರಲಿಲ್ಲ, ಅತ್ತೆಯ ಚಹಾ ಬಟ್ಟಲು ಟಕ್ಕೆಂದು ಕೆಳಗೆ ಬಿತ್ತು.

"ಸಾಯಿಸೋಕೆ ನೀವು ಯಾರ್ರೀ?"

"ನಾನಾ? ನಾನು ಬರೆಯೋಳು."

"ನೀವು ಬರೀತೀರಿ, ಕೈ ತೊಳ್ಕೊಂಡು ಮಲಗ್ತೀರಿ. ಆಮೇಲೆ ತಿಂಗಳಿಡೀ ಅವನನ್ನ ನೋಡ್ಕೊಳ್ಳೋರು ನಾವು! ಹೋದ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಬಂತಲ್ಲ, ನೀವು ಮುಂದಿನ ಸಂಚಿಕೇಲಿ ಮರೆತೇಬಿಟ್ರಿ. ನಾನು ಎರಡು ತಿಂಗಳು ಒದ್ದಾಡಿದೆ, ವಾಸಿ ಆಯ್ತೋ ಇಲ್ವೋ ಅಂತ!"

 ಅಮ್ಮನವರು ಬಹಳ ಮೆಲ್ಲಗೆ, "ಅವನಿಗೆ ಕೆಮ್ಮಿತ್ತಾ?" ಎಂದರು.

ಈಗ ಕಥೆ ಯಾರದ್ದು, ಒಪ್ಪಿಗೆಯನ್ನು ಯಾರ ಹತ್ತಿರ ಕೇಳಬೇಕು ಎಂದೇ ನನಗೆ ಗೊತ್ತಾಗಲಿಲ್ಲ. ನಾನು ಮಧ್ಯದಲ್ಲಿ ಕಂಬದಂತೆ ನಿಂತೇ ಇದ್ದೆ. ಆಗ ಚಿಗುಸಾ ನನ್ನ ಕಾಲು ನೋಡಿ ಹಣೆ ಚಚ್ಚಿಕೊಂಡಳು. ಶೌಚಾಲಯದ ಚಪ್ಪಲಿಯನ್ನು ಅಲ್ಲೇ ಬಿಡದೆ, ಹಾಕಿಕೊಂಡೇ ಚಾಪೆಯ ಮೇಲೆ ಬಂದುಬಿಟ್ಟಿದ್ದೆ! ಅಮ್ಮನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಯೂ ನಕ್ಕರು. ನನ್ನ ಮಾನದ ಮೇಲೆ ಇಬ್ಬರೂ ಕೈ ಕುಲುಕಿ ಸಂಧಿ ಮಾಡಿಕೊಂಡರು. ಮೊಸುಕೆ ಇರಲಿ, ಒಟಾಕಿ, ಕಿಯೊ ಬೇರೆ ಬೇರೆಯಾಗೇ ಇರಲಿ, ಮಿಕ್ಕದ್ದು ನನ್ನ ಇಷ್ಟ ಎಂದು ತೀರ್ಮಾನವಾಯಿತು. ಅಕುತ್ಸುವೂ ಗೊಣಗಿಕೊಂಡು ಹನ್ನೆರಡು ಪಾತ್ರಕ್ಕೆ ಒಪ್ಪಿದ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ತಿಂಗಳ ಪತ್ರಿಕೆ ಬಂತು. ಹದಿನಾಲ್ಕನೇ ಪುಟ ತೆರೆದೆ. ಸ್ನಾನದ ಮನೆಯ ಬಾಗಿಲ ಪಕ್ಕದಲ್ಲಿ ಕನ್ನಡಕದ, ನೆತ್ತಿ ಬೋಳಾದ ಒಬ್ಬ ಗೃಹಸ್ಥ ತಪ್ಪು ಚಪ್ಪಲಿ ಹಾಕಿಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ನಾನೇ! ನಾನು 'ಹಬೆಯ ಬೀದಿ'ಯ ಅರವತ್ತೆರಡನೆಯವನಾಗಿದ್ದೆ!

ಅವನ ಮುಖದಲ್ಲಿ ಎಂಥ ಆಳ! ಎಂಥ ಒಂಟಿತನ! ಇವನಿಲ್ಲದೆ ಸಿನಿಮಾ ಹೇಗೆ? ಮೊದಲು ಒಂದು ದೃಶ್ಯ ಕೊಟ್ಟೆ. ದೃಶ್ಯಕ್ಕೆ ಕಾರಣ ಬೇಕಲ್ಲ, ಎರಡನೆಯದು ಬರೆದೆ. ಮಳೆಯಲ್ಲಿ ಒಂದು ಸ್ವಗತ. ಸವಾಳಿಗೆ ಒಂದು ಹಿತವಚನ. ಹದಿನೆಂಟು ನಿಮಿಷವಾಯಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಸರಿಹೊಂದಿಸಲು ಒಟಾಕಿ, ಕಿಯೊ ಇಬ್ಬರ ಜಗಳವನ್ನು ಕಣ್ಸನ್ನೆಗೆ ಇಳಿಸಿದೆ. ಮೊಸುಕೆಯನ್ನು ಕಿಟಕಿಯಲ್ಲಿ ಹೊಗೆಯಾಗಿ ತೋರಿಸಿದರೆ ಸಾಕೆನ್ನಿಸಿತು. ಮನೆಯಲ್ಲಿ ಯಾರಿಗೂ ಹೇಳದೆ ಪ್ರತಿಯನ್ನು ಅಮ್ಮನವರಿಗೆ ಕಳಿಸಿದೆ.

ಭಾನುವಾರ ಎಲ್ಲರೂ ಕಡ್ಡಿ ಹಿಡಿದು ಸೋಬಾ ಶಾವಿಗೆ ತಿನ್ನುತ್ತಿದ್ದಾಗ ಫೋನ್ ಬಂತು. ಚಿಗುಸಾ ಎತ್ತಿ, ಎಲ್ಲರಿಗೂ ಕೇಳಿಸುವಂತೆ ಮಾಡಿ ಮೇಜಿನ ಮೇಲಿಟ್ಟಳು.

"ಸುನಾಗಾ ಅವರೇ, ಮೊಸುಕೆ ಯಾಕೆ ಬರೀ ಹೊಗೆ? ಮತ್ತೆ ಈ ಚಪ್ಪಲಿಯವನು ಯಾರು?"

ಅತ್ತೆಯ ಕಡ್ಡಿಗಳು ಗಾಳಿಯಲ್ಲೇ ನಿಂತವು.

"ತಮ್ಮದೇ ಸೃಷ್ಟಿ ಅಮ್ಮಾ," ಎಂದೆ. "ಈ ತಿಂಗಳ ಸಂಚಿಕೆ, ಹದಿನಾಲ್ಕನೇ ಪುಟ."

ಪುಟ ಮಗುಚುವ ಸದ್ದು ಬಂತು. ಬಹಳ ಹೊತ್ತು ಬಂತು.

"ಓ, ಇವನಾ! ಅಲ್ಲಿ ಬಾಗಿಲ ಪಕ್ಕ ಜಾಗ ಖಾಲಿ ಕಾಣ್ತಿತ್ತು. ಹೂಕುಂಡ ಬರೆಯೋಣ ಅಂತಿದ್ದೆ. ಹೂಕುಂಡ ಅಂದ್ರೆ ಎಲೆ ಜಾಸ್ತಿ, ಹೆಬ್ಬೆರಳು ನೋವು. ಬೋಳುತಲೆ ಆದ್ರೆ ಒಂದೇ ಗೆರೆ ನೋಡಿ. ಸಿನಿಮಾದಲ್ಲಿ ನಿಮಗೇನು ಕಷ್ಟ, ಹೂಕುಂಡನೇ ಇಟ್ಟುಬಿಡಿ."

ಚಿಗುಸಾ ಫೋನ್ ಕಟ್ ಮಾಡಿದಳು. ಅತ್ತೆ ಪತ್ರಿಕೆ ತೆರೆದು, ಭೂತಕನ್ನಡಿ ಹಿಡಿದು ಹದಿನಾಲ್ಕನೇ ಪುಟವನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಪುಟವನ್ನು ನೋಡಿದರು.

"ಅತ್ತೆ, ನೀವಾದ್ರೂ ಹೇಳಿ," ಎಂದು ಅಂಗಲಾಚಿದೆ. "ಇವನ ಬಗ್ಗೆ ಸ್ವಲ್ಪ ಮರುಕ ಬರಲ್ವಾ?"

"ಬರುತ್ತೆ ಅಳಿಯಂದ್ರೇ, ಯಾಕೆ ಬರಲ್ಲ," ಎಂದರು ಅತ್ತೆ. ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. "ಹೂಕುಂಡದಲ್ಲಿ ಸೇವಂತಿಗೆ ಹಾಕ್ಸಿ. ಮೊಸುಕೆಗೆ ಸೇವಂತಿಗೆ ಅಂದ್ರೆ ಇಷ್ಟ."