ಹಚ್ಚೋದಾ, ಕುಡಿಯೋದಾ?

ಬಸವೇಶ್ವರನಗರದ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡೋ ಕೆಲಸ ನನ್ನದು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಮುಖದ ಸುಕ್ಕಿಗೆ ಪೆಪ್ಟೈಡ್ ಅನ್ನೋ ಪ್ರೋಟೀನಿನ ಚೂರು ಒಳ್ಳೇದಂತೆ ಅಂತ ಸುದ್ದಿ ಹಬ್ಬಿತ್ತು. ಹಚ್ಚೋಕೆ ಕ್ರೀಮು, ಕುಡಿಯೋಕೆ ಪುಡಿ. ಯಾವುದು ಮೇಲು ಅಂತ ಕೇಳೋರು ಬಂದರೆ ಸಾಕು, ನನಗೆ ನಗು ತಡೆಯೋದೇ ದೊಡ್ಡ ಕೆಲಸ.

ಎಲ್ಲಿಗೆ ಹೋಗುತ್ತೆ?

ರಿಟೈರ್ ಆದ ಹೆಡ್ಮಿಸ್ ಒಬ್ಬರಿಗೆ ಡಾಕ್ಟರು ವಿವರಿಸಿದರು: "ಕ್ರೀಮು ಹಚ್ಚಿದ ಜಾಗದಲ್ಲೇ ಇರುತ್ತೆ. ಪುಡಿ ಹೊಟ್ಟೇಲಿ ಕರಗಿ ಮೈಯೆಲ್ಲಾ ಸುತ್ತುತ್ತೆ. ಮುಖಕ್ಕೇ ಹೋಗುತ್ತೆ ಅಂತ ಗ್ಯಾರಂಟಿ ಇಲ್ಲ."

"ನಮ್ಮ ಯಜಮಾನ್ರ ಥರಾನೇ ಬಿಡಿ. ಸೊಪ್ಪು ತರ್ತೀನಿ ಅಂತ ಹೋಗಿ ಊರೆಲ್ಲಾ ಸುತ್ತಿ ಬರಿಗೈಲಿ ಬರ್ತಾರೆ. ಕ್ರೀಮೇ ಬರೀರಿ."

ಸಣ್ಣ ಅಕ್ಷರ

ನಂದಿನಿ ಲೇಔಟಿನ ಆಂಟಿ ಈರುಳ್ಳೀನೂ ಮುಟ್ಟದವರು. ತಂಗಿ ಸಿಂಗಾಪುರದಿಂದ ತಂದಿದ್ದ ಪುಡಿ ಡಬ್ಬ ನನ್ನ ಮುಂದಿಟ್ಟರು. "ದಿನಾ ಹಾಲಿಗೆ ಹಾಕ್ಕೊಂಡು ಕುಡೀತಿದೀನಿ. ಕೆನ್ನೆ ಎಷ್ಟು ನುಣ್ಣಗಾಗಿದೆ ನೋಡು! ಇದರಲ್ಲಿ ಏನೇನಿದೆ ಅಂತ ಸ್ವಲ್ಪ ಓದಮ್ಮಾ."

ಓದಿದೆ. "ಆಂಟಿ, ಇದು ಮೀನಿನ ಚರ್ಮದಿಂದ ಮಾಡಿದ್ದು."

ಆಂಟಿ ಕೆನ್ನೆ ಸವರಿಕೊಂಡು, ಡಬ್ಬ ಚೀಲಕ್ಕಿಳಿಸಿ ಪಿಸುಗುಟ್ಟಿದರು: "ಅಕ್ಷರ ತುಂಬಾ ಸಣ್ಣದು ಕಣಮ್ಮಾ. ನನಗೂ ಕಾಣಿಸ್ಲಿಲ್ಲ, ನಿನಗೂ ಕಾಣಿಸ್ಲಿಲ್ಲ."

ಪಂದ್ಯ

ವಿಜಯನಗರದ ಗಂಡ ಹೆಂಡತಿ, ಇಬ್ಬರಿಗೂ ಅರವತ್ತು ದಾಟಿತ್ತು, ಪಂದ್ಯ ಕಟ್ಟಿದರು. ಆಕೆ ಕ್ರೀಮು ಹಚ್ಚೋದು, ಆತ ಪುಡಿ ಕುಡಿಯೋದು. ಮೂರು ತಿಂಗಳಾದ ಮೇಲೆ ಡಾಕ್ಟರೇ ತೀರ್ಪು ಹೇಳಬೇಕು. ಸೋತವರು ಇನ್ನು ಮೇಲೆ ದಿನಾ ಪಾತ್ರೆ ತೊಳೀಬೇಕು.

ಆ ದಿನ ಬಂತು. ಡಾಕ್ಟರು ಇಬ್ಬರ ಮುಖವನ್ನೂ ದೀಪದಡಿ ನೋಡಿದರು. "ಅಮ್ಮಾವ್ರ ಮುಖ ಸ್ವಲ್ಪ ವಾಸಿ. ರಾಯರೇ, ನಿಮ್ಮದು ಹಾಗೇ ಇದೆ. ಪುಡಿ ಸರಿಯಾಗಿ ಕುಡಿದ್ರಾ?"

ರಾಯರು ತಲೆ ತಗ್ಗಿಸಿದರು. "ವಾಸನೆ ತಡಿಯಕ್ಕಾಗ್ಲಿಲ್ಲ ಡಾಕ್ಟ್ರೇ. ಬೆಳಗ್ಗೆ ಕಾಫಿ ಮಾಡೋದು ನಾನೇ ಅಲ್ವಾ, ಇವಳ ಲೋಟಕ್ಕೇ ಹಾಕಿಬಿಡ್ತಿದ್ದೆ. ಅವಳ ಮುಖ ಹೊಳೀತಿರೋದು ನನ್ನ ಪುಡಿಯಿಂದ!"

ಹೆಂಡತಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಅದಕ್ಕೇನಾ ಕಾಫಿ ಹಾಗಿರ್ತಿತ್ತು! ನಿಮಗೆ ಬೇಜಾರಾಗುತ್ತೆ ಅಂತ ಬಾಯಿ ಬಿಡದೆ, ಮೂರು ತಿಂಗಳು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದಿದೀನಿ ರೀ!"

ಡಾಕ್ಟರು ನಗು ನುಂಗಿಕೊಂಡು ಕೇಳಿದರು: "ಗಿಡ ಹೇಗಿದೆ?"

"ಏನು ಚಿಗುರಿದೆ ಅಂತೀರಾ, ಒಂದೇ ಒಂದು ಹಳದಿ ಎಲೆ ಇಲ್ಲ!"

ರಾಯರು ಮೇಜು ಕುಟ್ಟಿದರು. "ನೋಡಿದ್ರಾ? ಮೊದಲಿಂದ ಹೇಳ್ತಾನೇ ಇದೀನಿ, ಕುಡಿಯೋದೇ ಸರಿ ಅಂತ!"