ಮೂರು ಕೆಂಡದ ಮೇಲೆ ನಿಂತ ಮದುವೆ

ಬೆಂಕಿಯ ಜೊತೆ ಕೆಲಸ ಮಾಡೋನಿಗೆ ದಿನಾ ಏನಾದರೊಂದು ಆಗ್ತಾನೇ ಇರುತ್ತೆ. ಏನೂ ಆಗದ ದಿನ ನನಗೆ ಊಟವೇ ಸೇರುತ್ತಿರಲಿಲ್ಲ. ಇವತ್ತಿನದೂ ಸೇರಿ ನಾಳೆ ಬರುತ್ತೇನೋ ಅನ್ನೋ ಭಯ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ. ಅದಕ್ಕೆ ಇದ್ದಿಲು ತುಂಬಿ, ಕೆಳಗಿಂದ ಬೆಂಕಿ ಹಚ್ಚಿ, ಅರ್ಧ ಗಂಟೆ ಹಿಡಿ ತಿರುಗಿಸಿ ಗಾಳಿ ಹೊಡೆದರೆ ಎಂಜಿನ್ನು ಕೆಮ್ಮುತ್ತಾ ಏಳುತ್ತಿತ್ತು. ಹಿಡಿ ತಿರುಗಿಸುವ ಕ್ಲೀನರು ನಾನು. ಕೋಲಾರದಿಂದ ಒಂದು ದಿನ ಶ್ರೀನಿವಾಸಪುರ, ಒಂದು ದಿನ ಮುಳಬಾಗಿಲು. ಇದ್ದ ಕಂಡಕ್ಟರು ಕೆಲಸ ಬಿಟ್ಟುಹೋಗಿದ್ದರಿಂದ ಬಸ್ಸಿನ ಧಣಿಯೇ ಮುಂದಿನ ಸೀಟಿನಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದರು. ಅವರ ಎರಡು ಪಾದದ ನಡುವೆ ಅವರ ಹಿತ್ತಾಳೆ ಗುಡಗುಡಿ, ಅಂದರೆ ಹುಕ್ಕಾ. ಬಸ್ಸು ನಿಂತ ಕಡೆಯೆಲ್ಲ ಅದಕ್ಕೆ ಕೆಂಡ ಹಾಕಬೇಕು. ನಮ್ಮ ಬಸ್ಸು ನಿಲ್ಲದ ಕಡೆ ಕಡಿಮೆ. ಆ ಕೆಲಸವೂ ನನ್ನದೇ.

"ಯುಗಾದಿವರೆಗೂ ನನ್ನ ಗುಡಗುಡಿ ರುಚಿ ಕೆಡದ ಹಾಗೆ ನೋಡ್ಕೊ. ಕಂಡಕ್ಟರ್ ಬ್ಯಾಗು ನಿನ್ನ ಹೆಗಲಿಗೆ ಹಾಕ್ತೀನಿ" ಅಂದಿದ್ದರು ಧಣಿ.

ಇದರಲ್ಲೇನು ಕಷ್ಟ ಅಂತೀರಾ? ಸುಗಟೂರಿಗೆ ಹೆಣ್ಣು ನೋಡಲು ಹೋದಾಗ, ಬ್ಯಾಗು ಆಗಲೇ ಹೆಗಲ ಮೇಲಿದೆ ಅಂತ ಹೆಣ್ಣಿನ ತಂದೆಗೆ ಹೇಳಿಬಿಟ್ಟಿದ್ದೆ. ಅವರೋ ತರಕಾರಿ ಬೆಳೆಯೋ ಖಡಕ್ ಮನುಷ್ಯ. ಹುಳುಕು ಬದನೆಕಾಯಿಯನ್ನೂ ಸುಳ್ಳು ಹೇಳೋನನ್ನೂ ಒಂದೇ ಕೈಯಲ್ಲಿ ಎತ್ತಿ ಬೇಲಿಯಾಚೆ ಬಿಸಾಕುವವರು. ಮದುವೆ ಯುಗಾದಿ ಕಳೆದ ಮೇಲೆ. ಹುಡುಗಿ ನನ್ನನ್ನ ಒಂದೇ ಸಲ ನೋಡಿ ನಕ್ಕಿದ್ದಳು, ಅಷ್ಟಕ್ಕೇ ನನ್ನ ನಿದ್ದೆ ಹೋಗಿತ್ತು. ಹಾಗಾಗಿ ಧಣಿ ಒಂದೊಂದು ದಮ್ಮು ಎಳೆದಾಗಲೂ ನನ್ನ ಎದೆಯಲ್ಲೂ ಗುಡುಗುಡು.

ಇನ್ನು ಮುಂದೆ ಹೇಳೋದರಲ್ಲಿ ಸುಳ್ಳಿಲ್ಲ. ಇದ್ದರೂ ತಂಬಾಕಿಗೆ ಬೆಲ್ಲ ಬೆರೆಸುವಷ್ಟು ಮಾತ್ರ.

ಬೆಂಗಳೂರಿನ ಘಮ

ಮೊದಲನೇ ವಾರ. ಹೊತ್ತಾಗಿತ್ತು, ಇದ್ದಿಲು ಹತ್ತುತ್ತಿರಲಿಲ್ಲ. ಬಸ್ಸಿನ ಪೀಪಾಯಿಗೆ ಬೆಂಕಿ ಹಚ್ಚೋ ಸೀಮೆಎಣ್ಣೆ ಬಟ್ಟೆಯನ್ನೇ ಗುಡಗುಡಿಯ ಇದ್ದಿಲಿಗೂ ತೋರಿಸಿದೆ. ಭಗ್ ಅಂತ ಹತ್ತಿತು. ಇಕ್ಕಳದಲ್ಲಿ ಎತ್ತಿ ಚಿಲುಮೆಯ ಮೇಲಿಟ್ಟೆ. ಚಿಲುಮೆ ಅಂದರೆ ಗುಡಗುಡಿಯ ತಲೆಮೇಲೆ ಕೂರುವ ಮಣ್ಣಿನ ಬಟ್ಟಲು. ಒಳಗೆ ತಂಬಾಕು, ಅದರ ಮೇಲೆ ತೆಳು ಬಿಲ್ಲೆ, ಬಿಲ್ಲೆಯ ಮೇಲೆ ಕೆಂಡ.

ಧಣಿ ಒಂದು ದಮ್ಮು ಎಳೆದರು. ಕಣ್ಣು ಗುಡ್ಡೆ ಹೊರಗೆ ಬಂತು.

"ಏನ್ಲಾ ಇದು? ನನ್ನ ಹೊಟ್ಟೇಲಿ ಲಾಟೀನು ಹಚ್ಚಿದೀಯಾ?"

ನನ್ನ ಮದುವೆಯ ಚಪ್ಪರ ಕಣ್ಣಮುಂದೆ ಕುಸಿಯಿತು. ಬಾಯಿ ತಾನಾಗಿಯೇ ಹೇಳಿತು: "ಹೊಸ ಘಮ ಧಣಿ. ಬೆಂಗಳೂರಿನ ದೊಡ್ಡವರೆಲ್ಲ ಈಗ ಇದನ್ನೇ ಸೇದ್ತಾರಂತೆ."

ಧಣಿ ಅನುಮಾನದಿಂದ ಇನ್ನೊಂದು ದಮ್ಮು ಎಳೆದರು. ಮೂರನೆಯದನ್ನೂ ಎಳೆದರು. ಆಮೇಲೆ ಸೇದೋ ನಳಿಗೆ ಕೆಳಗಿಟ್ಟು, ಕಣ್ಣೊರೆಸಿಕೊಂಡು, ನಿಟ್ಟುಸಿರು ಬಿಟ್ಟರು.

"ಬೆಂಗಳೂರು ಹಾಳಾಗೋಯ್ತು ಕಣೋ."

ಎರಡು ಚೀಲ

ನಮ್ಮ ಡ್ರೈವರ್ ಸಾಬರು ಒಳ್ಳೆಯವರು. ನನ್ನ ಪಾಡು ನೋಡಲಾರದೆ ಹೇಳಿಕೊಟ್ಟರು: "ಬೇಟಾ, ಕೆಂಡದಿಂದಲೇ ಕೆಂಡ ಹಚ್ಚು. ಕರಿ ಚೂರೂ ಕಾಣಬಾರದು, ಮೈಯೆಲ್ಲ ಬೂದಿ ಹೊದ್ದು ಒಳಗೆ ಕೆಂಪಗಿರಬೇಕು. ಮೂಗಿನ ಹತ್ತಿರ ಹಿಡಿ, ವಾಸನೆ ಬಂತಾ, ಇನ್ನೂ ಕಾಯಿ. ಮತ್ತೆ ಹುಣಸೆ ಇದ್ದಿಲು ಬಿಟ್ಟು ಬೇರೆ ಮುಟ್ಟಬೇಡ."

ಗೌನಿಪಲ್ಲಿ ಕಡೆಯಿಂದ ಒಂದು ಚೀಲ ಹುಣಸೆ ಇದ್ದಿಲು ತಂದೆ, ಗುಡಗುಡಿಗೆ. ಬಸ್ಸಿಗೆ ಎಂದಿನಂತೆ ಸಿಕ್ಕಿದ ಪುರಲೆ ಇದ್ದಿಲು, ಅಂದರೆ ಒಣಕಡ್ಡಿ ಸುಟ್ಟದ್ದು. ಎರಡೂ ಚೀಲ ಒಂದೇ ಥರ. ಮುಳಬಾಗಿಲಿಗೆ ಹೊರಟ ದಿನ ಬೆಳಗ್ಗೆ ಅದಲುಬದಲಾಯಿತು.

ದಾರಿಯಲ್ಲೊಂದು ಏರು. ಅಲ್ಲಿ ಜನ ಇಳಿದು ತಳ್ಳೋದು ಪದ್ಧತಿ. ಏರು ಬರುವ ಮೊದಲೇ ಪಂಚೆ ಎತ್ತಿಕಟ್ಟಿ ಸಿದ್ಧವಾಗುತ್ತಿದ್ದರು. ಅವತ್ತು ಬಸ್ಸು ನಿಲ್ಲಲೇ ಇಲ್ಲ, ಬಾಲಕ್ಕೆ ಬೆಂಕಿ ಬಿದ್ದ ಕೋಣದ ಹಾಗೆ ಏರು ಹತ್ತಿಬಿಟ್ಟಿತು. ಪಂಚೆ ಕಟ್ಟಿದವರು ಮುಖಮುಖ ನೋಡಿಕೊಂಡರು.

ಮುಳಬಾಗಿಲಲ್ಲಿ ಗುಡಗುಡಿಗೆ ಕೆಂಡವಿಟ್ಟಾಗ ಗೊತ್ತಾಯಿತು ನನಗೆ. ಪುರಲೆ ಇದ್ದಿಲು ಚಟ್ ಚಟ್ ಅಂತ ಸಿಡಿದು ಧಣಿಯ ಪಂಚೆಯಲ್ಲಿ ಮೂರು ತೂತು. ಚೀಲ ಅದಲುಬದಲಾಗಿದ್ದನ್ನ ನಾನು ಒಪ್ಪಿಕೊಂಡೆ. ಆಶ್ಚರ್ಯ, ಧಣಿಗೆ ಕೋಪವೇ ಬರಲಿಲ್ಲ.

"ಹುಣಸೆ ಇದ್ದಿಲಿಗೆ ಬಸ್ಸು ಹಂಗೆ ಓಡ್ತಾ? ನಾಳೆಯಿಂದ ಬಸ್ಸಿಗೆ ಅದೇ ಹಾಕು."

ಸಾಬರು ಮೆಲ್ಲಗೆ ಕೇಳಿದರು: "ಗೌನಿಪಲ್ಲಿಯೋನು ವಾರಕ್ಕೆ ಒಂದೇ ಚೀಲ ಕೊಡೋದು ಧಣಿ. ಗುಡಗುಡಿಗೆ?"

ಧಣಿ ಯೋಚನೆಗೆ ಬಿದ್ದರು. ಕೋಲಾರ ಬರುವವರೆಗೂ ಗುಡಗುಡಿಯನ್ನೊಮ್ಮೆ, ಹಿಂದಿನ ಪೀಪಾಯಿಯನ್ನೊಮ್ಮೆ ನೋಡುತ್ತಿದ್ದರು. ಇಳಿಯುವಾಗ ತೀರ್ಮಾನ ಹೇಳಿದರು:

"ಜನ ತಳ್ಳಲಿ ಬಿಡು. ಅವರಿಗೂ ಸ್ವಲ್ಪ ಕಸರತ್ತು ಬೇಕು."

ಮಾಲೂರಿನ ಬೀಗರು

ಮಾಲೂರಿನಲ್ಲಿ ಧಣಿಯ ಮಗಳನ್ನು ಕೊಟ್ಟ ಮನೆ. ಬೀಗರೂ ಗುಡಗುಡಿ ಪ್ರಿಯರು. "ನಮ್ಮ ಹುಡುಗನ ಕೈಯ ಕೆಂಡ ಒಂದು ಸಲ ನೋಡಿ ಬೀಗರೇ" ಅಂತ ಧಣಿ ನನ್ನನ್ನೂ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ಅಲ್ಲಿ ನನ್ನ ಮಾನ ತೆಗೆದೆಯೋ, ಬ್ಯಾಗಿನ ಆಸೆ ಬಿಡು."

ಬೀಗರಿಗೆ ಅರವತ್ತಾದರೂ, ಬೇರೆ ಊರಲ್ಲಿದ್ದ ಅವರ ಅಣ್ಣನಿಗೆ ಪೂರ್ತಿ ನೆರೆತಿದ್ದರೂ, ಇವರ ತಲೆ, ಮೀಸೆ ಎರಡೂ ಕಾಗೆ ಕಪ್ಪು. ಹೇಗೆ ಅಂತ ಕೇಳೋ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಪಡಸಾಲೆಯಲ್ಲಿ ನಳಿಗೆ ಹಿಡಿದು ಕೂತರು. ನಾನು ಕೆಂಡವಿಟ್ಟೆ. ಮೇಲೆ ಬೂದಿ ದಪ್ಪಗಿತ್ತು, ಶಾಖ ಇಳಿಯುತ್ತಿರಲಿಲ್ಲ. ಇಕ್ಕಳದಲ್ಲಿ ತಟ್ಟಿ ಉದುರಿಸಬೇಕಿತ್ತು, ಇಲ್ಲಾ ಬೀಸಣಿಗೆ ಆಡಿಸಬೇಕಿತ್ತು. ಅವಸರದಲ್ಲಿ ಬಾಯಲ್ಲೇ ಉಫ್ ಅಂತ ಊದಿದೆ.

ಬೂದಿಯೆಲ್ಲ ಬೀಗರ ಮೇಲೆ. ತಲೆ ಬೆಳ್ಳಗೆ, ಹುಬ್ಬು ಬೆಳ್ಳಗೆ, ಮೀಸೆಯಂತೂ ಹತ್ತಿ. ಧಣಿ ಕಲ್ಲಾದರು. ನಾನು ಬಾಗಿಲ ಕಡೆ ನೋಡಿದೆ, ಓಡಲು.

ಅಷ್ಟರಲ್ಲಿ ಬೀಗರ ಹೆಂಡತಿ ಕಾಫಿ ತಂದರು. ಹೊಸಿಲಲ್ಲೇ ನಿಂತು, ತಟಕ್ಕನೆ ಸೆರಗು ತಲೆಮೇಲೆ ಎಳೆದುಕೊಂಡು, ವಿನಯವಾಗಿ ಅಂದರು:

"ಯಾವಾಗ ಬಂದ್ರಿ ಭಾವಾ? ನಿಮ್ಮ ತಮ್ಮ ಈಗ ಇಲ್ಲೇ ಇದ್ರಲ್ಲ!"

ಸುಗಟೂರಿನಲ್ಲಿ ನಿಂತ ಬಸ್ಸು

ಮಾಲೂರಿಂದ ಬಂದ ಮೇಲೆ ಧಣಿ ಬೆರಳೆತ್ತಿ ಎಚ್ಚರಿಸಿದ್ದರು: "ಇನ್ನೊಂದೇ ಒಂದು ತಪ್ಪು. ಅಷ್ಟೇ." ಯುಗಾದಿಗೆ ನಾಲ್ಕು ದಿನ ಉಳಿದಿತ್ತು.

ಶ್ರೀನಿವಾಸಪುರದಿಂದ ವಾಪಸು ಬರುವಾಗ ಸುಗಟೂರಿನ ಹತ್ತಿರ ಎಂಜಿನ್ನು ಸತ್ತಿತು. ಇಳಿದು ಪೀಪಾಯಿ ಕೆದಕಿದೆ. ಮೈಯೆಲ್ಲ ಮಸಿ, ಮುಖದಲ್ಲಿ ಕಣ್ಣು ಹಲ್ಲು ಬಿಟ್ಟು ಬೇರೇನೂ ಬೆಳ್ಳಗಿರಲಿಲ್ಲ. ತಲೆಯೆತ್ತಿ ನೋಡುತ್ತೀನಿ, ಬದನೆಕಾಯಿ ಬುಟ್ಟಿ ಹಿಡಿದು ಬರುತ್ತಿದ್ದಾರೆ, ನನ್ನ ಮಾವ ಆಗಬೇಕಾದವರು! ಪೀಪಾಯಿ ಹಿಂದೆ ಕುಕ್ಕರಿಸಿದೆ.

ಅವರು ನೇರ ಧಣಿಯ ಹತ್ತಿರ ಹೋದರು. "ಸ್ವಾಮಿ, ಈ ಬಸ್ಸಿನ ಕಂಡಕ್ಟರು ಎಲ್ಲಿ? ನಮ್ಮ ಅಳಿಯ ಆಗೋರು. ಕೆಲಸ ಮಾಡೋದನ್ನ ಕಣ್ಣಾರೆ ನೋಡೋಣ ಅಂತ ಬಂದೆ."

"ಕಂಡಕ್ಟರಾ? ನಮ್ಮ ಬಸ್ಸಿಗೆ ಕಂಡಕ್ಟರೇ ಇಲ್ವಲ್ಲ!"

ಬುಟ್ಟಿ ಧಡ್ ಅಂತ ನೆಲಕ್ಕೆ ಬಿತ್ತು, ಸಿಟ್ಟಿಗೆ ಬಾಯಲ್ಲಿ ತೆಲುಗು ಬಂತು. "ಏಮಯ್ಯಾ ಇದಿ! ನಮ್ಮ ಮನೇಲಿ ಕೂತು, ನಮ್ಮ ಉಪ್ಪಿಟ್ಟು ತಿಂದು, ನಮಗೇ ಸುಳ್ಳಾ? ಮುಗೀತು. ಈ ಸಂಬಂಧ ಇವತ್ತಿಗೆ ಮುರೀತು!"

ಬಸ್ಸಿನ ಜನವೆಲ್ಲ ಕಿಟಕಿಗೆ ಬಂದರು. ಧಣಿಗೆ ಏನೂ ಅರ್ಥವಾಗದಿದ್ದರೂ ಮನುಷ್ಯ ನೊಂದಿದ್ದು ಕಂಡಿತು. "ಕೂತ್ಕೊಳ್ಳಿ ಯಜಮಾನರೇ, ಮೊದಲು ಒಂದು ದಮ್ಮು ಎಳೀರಿ. ಲೇ, ಕೆಂಡ ತಾರೋ!"

ಕೆಂಡ ಹಿಡಿದು ಎದುರಿಗೆ ಹೋಗಲೇಬೇಕು. ಓಡಿದರೆ ಕೆಲಸ ಹೋಯಿತು, ಹೋದರೆ ಮಾನ ಹೋಯಿತು, ಹೆಣ್ಣಂತೂ ಆಗಲೇ ಹೋಗಿತ್ತು. ಹೋದೆ. ತಲೆ ತಗ್ಗಿಸಿಕೊಂಡೇ ಮೂರು ಹುಣಸೆ ಕೆಂಡ ಆರಿಸಿದೆ. ಒಂದೊಂದನ್ನೂ ತಟ್ಟಿ ಬೂದಿ ಉದುರಿಸಿದೆ. ಬಿಲ್ಲೆಯ ನಡುವೆ ಇಡದೆ ಅಂಚಿಗೆ ಇಟ್ಟೆ, ತಂಬಾಕು ಸೀಯದೆ ಬೇಯಲಿ ಅಂತ. ಗಾಳಿ ಇತ್ತು, ಮುಚ್ಚಳ ಮುಚ್ಚಿದೆ. ನೂರು ಎಣಿಸಿ, ಕೆಂಡಗಳನ್ನು ಚೂರೇ ಚೂರು ಒಳಕ್ಕೆ ಸರಿಸಿದೆ. ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ದೇವರ ಪೂಜೆಯನ್ನೂ ಮಾಡಿಲ್ಲ.

ಅವರು ಎಳೆದರು. ನೀರು ಗುಡುಗುಡು ಅಂದಿತು. ಬಿಳೀ ಹೊಗೆ ತಣ್ಣಗೆ ಹೊರಗೆ ಬಂತು. ಇನ್ನೊಂದು ದಮ್ಮು. ಹಣೆಯ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು.

"ಆಹಾ! ಯಾರು ಸ್ವಾಮಿ ಈ ಕೆಂಡ ಇಟ್ಟೋನು?"

"ಇವನೇ, ನಮ್ಮ ಕ್ಲೀನರು."

"ಎಂಥ ತಾಳ್ಮೆ, ಎಂಥ ಕೈ! ಆ ಸುಳ್ಳು ಕಂಡಕ್ಟರ್‌ನ ಕಟ್ಕೊಂಡು ಏನ್ ಮಾಡ್ಲಿ? ಇವನು ನಮ್ಮ ಜನ ಆಗಿದ್ರೆ ಈಗಲೇ ಹುಡುಗೀನ ಇವನಿಗೆ ಕೊಡ್ತಿದ್ದೆ. ಇಷ್ಟು ಜನದ ಮುಂದೆ ಹೇಳ್ತಿದೀನಿ!"

ಡ್ರೈವರ್ ಸಾಬರಿಗೆ ನನ್ನ ಕಥೆ ಪೂರ್ತಿ ಗೊತ್ತು. ಬೀಡಿ ಬಾಯಿಂದ ತೆಗೆಯದೆ ಅಂದರು: "ನಿಮ್ಮ ಜನವೇ ಯಜಮಾನರೇ."

"ಹೌದಾ! ಏನಪ್ಪಾ, ಒಪ್ತೀಯಾ?"

"ಒಪ್ತೀನಿ ಮಾವ" ಅಂದೆ.

ದನಿ ಎಲ್ಲೋ ಕೇಳಿದ ಹಾಗಿದೆ ಅಂತ ಅವರು ಹೆಗಲ ಟವೆಲ್ ತೆಗೆದು ನನ್ನ ಕೆನ್ನೆ ಒರೆಸಿದರು. ಒಂದು ಕೆನ್ನೆ ಸಾಕಾಯಿತು. ಬಾಯಿ ತೆರೆದರು, ಕಿಟಕಿಗಳ ತುಂಬ ಸಾಕ್ಷಿಗಳನ್ನು ನೋಡಿದರು, ಬಾಯಿ ಮುಚ್ಚಿಕೊಂಡು ಇನ್ನೊಂದು ದಮ್ಮು ಎಳೆದರು. ಹುಡುಗಿ ನನಗೇ ನಿಶ್ಚಯವಾಯಿತು.

"ಹಾಗಾದ್ರೆ ಧಣಿ, ಮದುವೆಗೆ ಮುಂಚೆ ಆ ಬ್ಯಾಗು..." ಅಂತ ರಾಗ ಎಳೆದೆ.

ಧಣಿ ಗಾಬರಿಯಾದರು. "ನೀನು ಟಿಕೆಟ್ ಹರೀತಾ ಕೂತ್ರೆ ಇಂಥ ಕೆಂಡ ಯಾರು ಇಡ್ತಾರೋ? ನೀನು ಕ್ಲೀನರಾಗೇ ಇರು." ಆಮೇಲೆ ನನ್ನ ಮಾವನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. "ಯಜಮಾನರೇ, ಗದರೋ ದನಿ ಚೆನ್ನಾಗಿದೆ ನಿಮ್ಮದು. ಓದು ಬರಹ ಬರುತ್ತಾ?"

ಯುಗಾದಿ ಆಯಿತು, ಮದುವೆಯೂ ಆಯಿತು. ಮಾರನೇ ವಾರದಿಂದ ಯುದ್ಧ ಮುಗಿಯುವವರೆಗೂ ದಿನಾ ಬೆಳಗ್ಗೆ, ಖಾಕಿ ಕೋಟು ತೊಟ್ಟು, ಬ್ಯಾಗು ನೇತುಹಾಕಿಕೊಂಡು, ಬಸ್ಸಿನ ಬಾಗಿಲಲ್ಲಿ ನಿಂತು, ಕೋಲಾರಕ್ಕೆಲ್ಲ ಕೇಳೋ ಹಾಗೆ ಮಾವ ಕೂಗುತ್ತಿದ್ದರು:

"ಅಳಿಯಂದ್ರೇ, ಹೊತ್ತಾಯ್ತು! ಬೇಗ ತಿರುಗಿಸಿ, ನಾನು ರೈಟ್ ಹೇಳ್ಬೇಕು!"