ಬೆಳ್ಳಿ ಪೆಟ್ಟಿಗೆಯ ಕ್ಯಾಪ್ಸೂಲಿಗೆ, ಖಾಲಿ ಹೊಟ್ಟೆಯ ಕುರಿತು

ಬೆಳ್ಳಿ ಬಣ್ಣದ ಪೆಟ್ಟಿಗೆಯಲ್ಲಿ ವಿರಾಜಮಾನರಾದ, ಬೂಷ್ಟಿನ ಕುಲಕ್ಕೇ ಕಂಟಕರಾದ, ದೊಡ್ಡ ಹೆಸರಿನ ಕ್ಯಾಪ್ಸೂಲ್ ಮಹಾಶಯರಿಗೆ, ಹಾಸಿಗೆ ಹೊಲಿಯುವವಳೊಬ್ಬಳು ದಾರ ಕಚ್ಚಿದ ಬಾಯಲ್ಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಪ್ಪತ್ತು ವರ್ಷ ಊರವರ ಹಳೆಯ ಹಾಸಿಗೆಗಳನ್ನು ಬಿಚ್ಚಿ ಹತ್ತಿ ಕೊಡವಿದ ನನ್ನ ಯಜಮಾನರ ಎಡ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದು, ಕೆಮ್ಮಿದರೆ ಕರವಸ್ತ್ರ ಕೆಂಪಾಗತೊಡಗಿದಾಗ, ಡಾಕ್ಟರಮ್ಮ ಮದ್ದಾಗಿ ತಮ್ಮ ಹೆಸರು ಬರೆದುಕೊಟ್ಟು, ಔಷಧ ನಾಟದಿದ್ದರೆ ಶ್ವಾಸಕೋಶದ ಒಂದು ಭಾಗವನ್ನೇ ಕತ್ತರಿಸಬೇಕಾದೀತು ಎಂದರು. ಹೊಲಿಗೆಯವರಿಗೆ ಕತ್ತರಿಯ ಭಯವಿಲ್ಲವೆಂದು ಯಾರೂ ತಿಳಿಯಬಾರದು.

ತಮ್ಮ ಆಗಮನದಿಂದ ಮನೆಯ ರೀತಿಯೇ ಬದಲಾಯಿತು. ಹೆಂಡತಿಯ ಮೂರನೇ ಕೂಗಿಗೂ ಓಗೊಡದ ಯಜಮಾನರು ತಮಗಾಗಿ ಬೆಳಗ್ಗೆಯೇ ಎದ್ದು, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ತುತ್ತೂ ಮುಟ್ಟದೆ ತಮ್ಮನ್ನು ನುಂಗಿ ಎರಡು ಗಂಟೆ ಕೈಕಟ್ಟಿ ಕೂರುತ್ತಿದ್ದರು. ಇಷ್ಟು ದೊಡ್ಡ ಔಷಧಕ್ಕೆ ಹೊಟ್ಟೆಯಲ್ಲಿ ಏನೂ ಅಡ್ಡಿಯಾಗಬಾರದೆಂದು ನಾನೂ ತಟ್ಟೆ ಎತ್ತಿಟ್ಟು ಕಾವಲು ಕಾಯುತ್ತಿದ್ದೆ. ಎರಡು ತಿಂಗಳ ಮೇಲೆ ರಕ್ತ ಪರೀಕ್ಷಿಸಿದರೆ ಅದರಲ್ಲಿ ತಮ್ಮ ಸುಳಿವೇ ಇಲ್ಲ. ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಯಜಮಾನರು "ತುಂಬಾ ಶ್ರದ್ಧೆಯಿಂದ" ಎಂದರು.

ಅಷ್ಟರಲ್ಲಿ ತಾವು ಅಂಗಡಿಯಲ್ಲೂ ಕಾಣೆಯಾದಿರಿ. ಔಷಧದಂಗಡಿಯಾಕೆ ಇದೂ ಅದೇ ಔಷಧ, ಜೆನೆರಿಕ್, ಕಂಪನಿಯ ದೊಡ್ಡ ಹೆಸರಿಲ್ಲ ಅಷ್ಟೇ ಎಂದು ಪೆಟ್ಟಿಗೆಯೂ ಇಲ್ಲದ ಒಂದು ಸ್ಟ್ರಿಪ್ ಕೊಟ್ಟಳು. ಹಿತ್ತಲ ಗಿಡ ಮದ್ದಲ್ಲ ತಾನೆ? ಯಜಮಾನರು ಮುಖ ಗಂಟಿಕ್ಕಿಕೊಂಡು, "ಇದಕ್ಕೇನು ಮರ್ಯಾದೆ, ಕೊಡೇ ಇಲ್ಲಿ" ಎಂದು, ದಿನವೂ ಊಟದ ನಡುವೆ ಎರಡು ತುತ್ತುಗಳ ಮಧ್ಯೆ ಅದನ್ನು ತುರುಕಿ ನುಂಗಿದರು. ಮೂರನೇ ವಾರಕ್ಕೆ ರಕ್ತದಲ್ಲಿ ಔಷಧ ಬೇಕಾದಷ್ಟಿತ್ತು. ಆಮೇಲೆ ತೆಗೆದ ಎಕ್ಸ್-ರೇಯಲ್ಲಿ ಬೂಷ್ಟಿನ ನೆರಳು ಅರ್ಧಕ್ಕಿಳಿದಿತ್ತು.

ನಾನು ತೋಳೇರಿಸಿ ತಮ್ಮನ್ನು ಬೈಯಲು ನಿಂತಾಗ ಡಾಕ್ಟರಮ್ಮ ತಡೆದರು. "ಎರಡೂ ಒಂದೇ ಔಷಧ ಕಣಮ್ಮ. ಈ ಕ್ಯಾಪ್ಸೂಲ್ ರಕ್ತಕ್ಕೆ ಸೇರ್ಬೇಕಾದ್ರೆ ಹೊಟ್ಟೆ ತುಂಬಿರ್ಬೇಕು. ಅದನ್ನ ಉಪವಾಸ ಕೆಡವಿದ್ರಿ, ಇದಕ್ಕೆ ಊಟ ಹಾಕಿದ್ರಿ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಯಜಮಾನರು ಎರಡು ತಿಂಗಳು ಸುಮ್ಮನೆ ರಕ್ತ ಕೆಮ್ಮಿದ್ದು ನಾನು ಎತ್ತಿಟ್ಟ ತಟ್ಟೆಯಿಂದ ಎಂದು ನೆನೆದರೆ ಈಗಲೂ ಹೊಲಿಗೆ ಸೊಟ್ಟಗಾಗುತ್ತದೆ.

ಪೆಟ್ಟಿಗೆಯ ತಳದಲ್ಲಿ ಹದಿನಾರು ಮಡಿಕೆಯ ಚೀಟಿಯೊಳಗೆ, ಇರುವೆಯೂ ಕನ್ನಡಕ ಹುಡುಕಬೇಕಾದ ಅಕ್ಷರದಲ್ಲಿ, ತಾವು ಈ ಮಾತನ್ನು ಮೊದಲೇ ಹೇಳಿದ್ದಿರಂತೆ. ಧನ್ಯರಾದೆವು. ಇನ್ನು ಮುಂದೆ ದಯಮಾಡಿ ಆ ಚೀಟಿಯನ್ನು ಜೋಡಿ ಹಾಸಿಗೆಯ ಅಳತೆಗೆ ಅಚ್ಚು ಹಾಕಿಸಿ, ಅದಾಗದಿದ್ದರೆ, ಗಂಟಲಿಗೆ ಇಳಿಯುವ ಮುನ್ನ "ಊಟ ಆಯ್ತಾ?" ಎಂದು ತಾವೇ ಒಮ್ಮೆ ಕೇಳಿ. ಬಾಗಿಲಿಗೆ ಬಂದವರನ್ನೆಲ್ಲ ಕೇಳುವ ಆ ಮಾತನ್ನು ನಾನು ನನ್ನ ಯಜಮಾನರೊಬ್ಬರನ್ನು ಮಾತ್ರ ಕೇಳಲಿಲ್ಲ.

ಊಟವಾದ ಮೇಲಷ್ಟೇ ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯಾಕೆ

ಮರೆತ ಮಾತು: ತಾವು ಮತ್ತೆ ಅಂಗಡಿಗೆ ಬಂದಿದ್ದೀರೆಂದು ಕೇಳಿ ಯಜಮಾನರು ಮುಖ ತೊಳೆಯಲು ಎದ್ದಿದ್ದರು, ಕೂರಿಸಿ ಮುಂದೆ ತಟ್ಟೆ ಇಟ್ಟೆ. ತಮ್ಮ ಬೆಳ್ಳಿ ಪೆಟ್ಟಿಗೆಯಲ್ಲಿ ಈಗ ನನ್ನ ಸೂಜಿಗಳಿವೆ. ಅವು ಖಾಲಿ ಹೊಟ್ಟೆಯಲ್ಲೂ ಕೆಲಸ ಮಾಡುತ್ತವೆ.